ಅಮಾವಾಸ್ಯೆಯಂದು ಸ್ಥಳ ಪರಿಶೀಲನೆ

ಬಂಡೆಕುಂಟೆಯ ನೇಕಾರರ ಓಣಿಯಲ್ಲಿ ಯಾರಿಗೆ ಅರ್ಜಿ ಬೇಕಾದರೂ ಬರೆದುಕೊಡುವವಳು ವನಜಾಕ್ಷಿ. ಓದಿದ್ದು ಎಸ್ಸೆಸ್ಸೆಲ್ಸಿ, ಆದರೆ ಕನ್ನಡದಲ್ಲಿ ಇಡೀ ಶಾಲೆಗೆ ಮೊದಲು. ಮನೆಯಲ್ಲಿ ಮಾತು ತೆಲುಗು, ಬೀದಿಯಲ್ಲಿ ಎರಡೂ ಬೆರಕೆ. ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತಳೆಂದರೆ ಮಾತ್ರ ‘ತಮ್ಮಲ್ಲಿ ಸವಿನಯ ಪ್ರಾರ್ಥನೆ’ಯಿಂದ ಹಿಡಿದು ‘ತಮ್ಮ ವಿಶ್ವಾಸಿ’ಯವರೆಗೆ ಒಂದು ಚಿತ್ತು ಕಾಟಿಲ್ಲದೆ ಇಳಿಯುತ್ತಿತ್ತು. ಬರೆದು ಮುಗಿಸಿ ಜೋರಾಗಿ ಓದುವಳು. ಕೇಳಲು ನಿಂತ ಹೆಂಗಸರಿಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ತಮಗೇ ತಿಳಿಯದಷ್ಟು ಚೆನ್ನಾಗಿದೆಯೆಂದರೆ ಸಾಹೇಬರಿಗೆ ಖಂಡಿತ ನಾಟುತ್ತದೆ ಎಂದು ನಂಬಿ ಸಮಾಧಾನದಿಂದ ಹೋಗುತ್ತಿದ್ದರು. ವನಜಾಕ್ಷಿಗೂ ಅದೇ ನಂಬಿಕೆ ಇತ್ತು. ಇರಬಾರದಿತ್ತು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಅಂಗಡಿಯಲ್ಲಿ ಹರವಿ ನೋಡುವವರಿಗೆ, ಅದನ್ನು ನೇಯ್ದವನು ನೆಲದೊಳಗೆ ಕಾಲಿಟ್ಟು ಕೂತಿದ್ದನೆಂಬುದು ಗೊತ್ತಿರುವುದಿಲ್ಲ. ನಡುಮನೆಯಲ್ಲಿ ಸೊಂಟದಾಳದ ಗುಂಡಿ, ಅದರ ಮೇಲೆ ನೆಲಕ್ಕೆ ಸಮನಾಗಿ ಮಗ್ಗ. ನೇಯುವವನು ಅಂಚಿನ ಮೇಲೆ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದ ಹಲಗೆಗಳನ್ನು ತುಳಿಯುತ್ತ ಮೇಲೆ ಲಾಳಿ ಓಡಿಸಬೇಕು. ವನಜಾಕ್ಷಿಯ ಗಂಡ ವೆಂಕಟಪ್ಪ ಹದಿನಾಲ್ಕನೇ ವಯಸ್ಸಿನಿಂದ ಹಾಗೆ ಕೂತವನು. ಆ ಗುಂಡಿ ಅವನ ತಾತ ತೋಡಿದ್ದು. ಗುಂಡಿಯ ತಂಪು ರೇಷ್ಮೆಗೆ ಒಳ್ಳೆಯದೇ, ಎಳೆ ಬೇಗ ಕಡಿಯುವುದಿಲ್ಲ. ಆದರೆ ತಂಪು ಬೇರೆ, ಚರಂಡಿ ನೀರು ಬೇರೆ.

ಎರಡು ವರ್ಷದ ಹಿಂದೆ ಓಣಿಗೆ ಕಾಂಕ್ರೀಟ್ ಚರಂಡಿ ಬಂತು. ಹಳೆಯ ಮನೆಗಳ ಹೊಸ್ತಿಲಿಗಿಂತ ಗೇಣು ಎತ್ತರಕ್ಕೆ ಕಟ್ಟಿದರು. ಓಣಿ ಮುಗಿಯುವಲ್ಲಿ ಪಂಚಾಯಿತಿ ಮೆಂಬರ್ ಚಂದ್ರಣ್ಣನ ಸೈಟು. ಅದನ್ನು ದಾಟಿ ಹಳ್ಳ ಸೇರಬೇಕಿದ್ದ ಚರಂಡಿ ಅವನ ಕಾಂಪೌಂಡಿಗೆ ಮೂತಿ ತಾಗಿಸಿ ಅಲ್ಲೇ ನಿಂತುಬಿಟ್ಟಿತು. ಬಿಲ್ಲಿನಲ್ಲಿ ಮಾತ್ರ ಅದು ಹಳ್ಳ ಸೇರಿ ಯಾವ ಕಾಲವಾಯಿತೋ. ಹೋಗಲು ದಾರಿಯಿಲ್ಲದ ಕೊಳಚೆ ಗೋಡೆಯ ಬುಡದಲ್ಲಿ ಜಿನುಗಿ, ತಗ್ಗು ಎಲ್ಲಿದೆ ಎಂದು ಹುಡುಕಿಕೊಂಡು ಹೊರಟಿತು. ಸಿಕ್ಕಿದ್ದು ಇಪ್ಪತ್ತಮೂರು ಮನೆಗಳ ಮಗ್ಗದ ಗುಂಡಿ. ಅದರಲ್ಲೂ ವನಜಾಕ್ಷಿಯ ಮನೆ ಓಣಿಯ ಕೊನೆಯದು, ಎಲ್ಲಕ್ಕಿಂತ ತಗ್ಗಿನದು. ಬೇರೆಯವರಿಗೆ ಪಾದ ನೆನೆಯುವಷ್ಟು ನೀರಾದರೆ ಇವರಿಗೆ ಮೀನಖಂಡದವರೆಗೆ. ದಿನಾ ಬೆಳಿಗ್ಗೆ ಅವಳು ಹತ್ತು ಹನ್ನೆರಡು ಬಕೆಟ್ ಎತ್ತಿ ಹೊರಗೆ ಚೆಲ್ಲಿದ ಮೇಲೆಯೇ ವೆಂಕಟಪ್ಪ ಮಗ್ಗಕ್ಕೆ ಕೂರುವುದು.

ವೆಂಕಟಪ್ಪನಿಗೆ ಸಕ್ಕರೆ ಕಾಯಿಲೆ. ಬೆರಳ ಸಂದಿಯ ಕೆಸರುಹುಣ್ಣು ಮೊದಲು ಬೆಳ್ಳಗಾಯಿತು, ಆಮೇಲೆ ಒಡೆಯಿತು, ಆಮೇಲೆ ವಾಸನೆ ಬಂತು. ರಾಂಪುರದ ಡಾಕ್ಟರು ಕಾಲನ್ನು ತಿರುಗಿಸಿ ನೋಡಿ, ‘ಈ ಕಾಲು ಒಣಗಿರಬೇಕು, ಇಲ್ಲಾಂದ್ರೆ ಎರಡು ಬೆರಳು ತೆಗೀಬೇಕಾಗುತ್ತೆ’ ಎಂದರು. ಬೆರಳಿಲ್ಲದ ಕಾಲಿನಲ್ಲಿ ಹಲಗೆ ತುಳಿಯುವುದು ಹೇಗೆ? ಗುಂಡಿಗೆ ಇಳಿಯದೆ ಉಣ್ಣುವುದು ಹೇಗೆ? ಸೂರು ತಗ್ಗು, ಎತ್ತರದ ಮಗ್ಗ ಆ ಮನೆಯಲ್ಲಿ ನಿಲ್ಲುವುದಿಲ್ಲ. ವನಜಾಕ್ಷಿಗೆ ಬೇಕಾದದ್ದು ಒಂದೇ ಒಂದು. ಗುಂಡಿ ಒಣಗಬೇಕು. ಅದೊಂದಾದರೆ ಕಾಲೂ ಉಳಿಯುತ್ತದೆ, ಮಗ್ಗವೂ ಉಳಿಯುತ್ತದೆ.

ಆರು ತಿಂಗಳಲ್ಲಿ ಪಂಚಾಯಿತಿಗೆ ನಾಲ್ಕು ಅರ್ಜಿ ಕೊಟ್ಟಳು. ಗುಮಾಸ್ತ ಓಬಳೇಶ ನಾಲ್ಕಕ್ಕೂ ಮೊಹರು ಒತ್ತಿ ನಕಲು ವಾಪಸು ಕೊಟ್ಟ. ಆ ಕಚೇರಿಯಲ್ಲಿ ರಜೆ ಹಾಕದೆ ದುಡಿಯುವುದು ಅದೊಂದು ಮೊಹರು ಮಾತ್ರ. ನಾಲ್ಕನೆಯ ಸಲ ಓಬಳೇಶನಿಗೇ ಪಾಪವೆನ್ನಿಸಿತೋ ಏನೋ, ಹತ್ತಿರ ಕರೆದು ಬುದ್ಧಿ ಹೇಳಿದ.

“ಅಕ್ಕ, ನಮ್ಮ ಯಜಮಾನ್ರ ಕಾಲು, ನಮ್ಮ ಮಗ್ಗ ಅಂತ ಬರದ್ರೆ ಯಾರು ನೋಡ್ತಾರೆ? ಸಾರ್ವಜನಿಕರ ಆರೋಗ್ಯ ಅಂತ ಬರೀರಿ. ಸೊಳ್ಳೆ ಅಂತ ಬರೀರಿ. ಸೊಳ್ಳೆ ಅಂದ್ರೆ ಈಗ ಮೇಲಿನೋರು ಎದ್ದು ಕೂತ್ಕಂತಾರೆ. ಮುಂದಿನ ವಾರ ಚಳ್ಳಕೆರೇಲಿ ಅಹವಾಲು ಸಭೆ ಐತೆ, ಸೀದಾ ದೊಡ್ ಸಾಹೇಬ್ರ ಕೈಗೇ ಕೊಡ್ರಿ.”

ಅವನು ಕೆಡುಕು ಬಯಸಿ ಹೇಳಿದ್ದಲ್ಲ. ಅವಳೂ ಸುಳ್ಳು ಬರೆಯಲಿಲ್ಲ. ಸೊಳ್ಳೆ ಇದ್ದದ್ದು ನಿಜ, ಓಣಿಯಲ್ಲಿ ಇಬ್ಬರಿಗೆ ಡೆಂಗಿ ಬಂದು ಹೋದದ್ದೂ ನಿಜ. ಐದನೆಯ ಅರ್ಜಿಯಲ್ಲಿ ವನಜಾಕ್ಷಿ ತನ್ನ ಕನ್ನಡವನ್ನೆಲ್ಲ ಸುರಿದಳು. ‘ಮಗ್ಗದ ಗುಂಡಿಗಳಲ್ಲಿ ಕೊಳಚೆ ನೀರು ನಿಂತು, ಸೊಳ್ಳೆಗಳು ಹೇರಳವಾಗಿ ಉತ್ಪತ್ತಿಯಾಗಿ, ಸಾರ್ವಜನಿಕರ ಆರೋಗ್ಯಕ್ಕೆ ತೀವ್ರ ಧಕ್ಕೆಯುಂಟಾಗಿರುತ್ತದೆ.’ ಓದಿದಾಗ ಓಣಿಯೇ ತಲೆದೂಗಿತು. ಪಕ್ಕದ ಮನೆಯ ಮುದುಕಿ ಬೊಮ್ಮಕ್ಕ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು.

ಚಳ್ಳಕೆರೆಗೆ ಹನ್ನೊಂದು ಜನ ಟೆಂಪೊ ಮಾಡಿಕೊಂಡು ಹೋದರು. ಶಾಮಿಯಾನದ ಕೆಳಗೆ ಮೊಳಕಾಲ್ಮೂರು, ಚಳ್ಳಕೆರೆ ಎರಡೂ ತಾಲ್ಲೂಕಿನ ಕಷ್ಟವೆಲ್ಲ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಟೋಕನ್ ಹಿಡಿದು ಕೂತಿತ್ತು. ವನಜಾಕ್ಷಿಯ ಸರದಿ ಬಂದಾಗ ಊಟದ ಹೊತ್ತು ಮೀರಿತ್ತು. ಆದರೂ ದೊಡ್ಡ ಸಾಹೇಬರು ಅರ್ಜಿಯನ್ನು ಪೂರ್ತಿ ಓದಿದರು. ‘ಯಾರಮ್ಮ ಬರೆದದ್ದು? ಬಹಳ ಸ್ಪಷ್ಟವಾಗಿದೆ’ ಎಂದರು. ಅವಳಿಗೆ ಮೈ ಜುಮ್ಮೆಂದಿತು. ಸಾಹೇಬರು ಪಕ್ಕದವರಿಗೆ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಲು ಹೇಳಿ, ಮತ್ತೆ ಇವಳ ಕಡೆ ತಿರುಗಿ, “ಯಾವತ್ತು ಬಂದರೆ ನಿಮಗೆ ಅನುಕೂಲ?” ಎಂದು ಕೇಳಿದರು.

ಸರ್ಕಾರ ಅವಳ ಅನುಕೂಲ ಕೇಳಿದ್ದು ಹುಟ್ಟಿದ ಮೇಲೆ ಅದೇ ಮೊದಲು. ವನಜಾಕ್ಷಿ ಹಿಂದೆ ನಿಂತ ಓಣಿಯವರ ಮುಖ ನೋಡಿದಳು. ಎಲ್ಲರ ಮನಸ್ಸಿನಲ್ಲೂ ಒಂದೇ ದಿನ ಇತ್ತು. ನೇಕಾರರು ಮಗ್ಗದಿಂದ ಏಳುವುದು ತಿಂಗಳಿಗೆ ಒಂದೇ ಸಲ, ಅಮಾವಾಸ್ಯೆಗೆ. ಭಾನುವಾರ ರಜೆಯೆಂಬುದು ಅವರ ಲೆಕ್ಕದಲ್ಲಿಲ್ಲ. ಅಮಾವಾಸ್ಯೆಯ ದಿನ ಲಾಳಿ ಮುಟ್ಟುವುದಿಲ್ಲ, ಹಲಗೆ ತುಳಿಯುವುದಿಲ್ಲ. ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಮಡಿಬಟ್ಟೆ ಹೊದಿಸಿ, ಕೈಮುಗಿದು, ಮನೆಯವರೆಲ್ಲ ಬಿಡುವಾಗಿರುತ್ತಾರೆ. ದೊಡ್ಡವರು ಮನೆಗೆ ಬರುವುದಾದರೆ ಅಂಥ ದಿನವೇ ಬರಬೇಕು.

“ಬರೋ ಮಂಗಳವಾರ ಅಮಾಸೆ ಸಾರ್. ಅವತ್ತೇ ಕಳ್ಸಿ. ಎಲ್ರೂ ಮನೇಲಿರ್ತಾರೆ” ಎಂದಳು.

ಸಾಹೇಬರು ತಾರೀಖು ಬರೆದುಕೊಂಡರು. ಟೆಂಪೊದಲ್ಲಿ ವಾಪಸು ಬರುವಾಗ ಓಣಿಯವರು ವನಜಾಕ್ಷಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು.

ಅಮಾವಾಸ್ಯೆಗೆ ಓಣಿ ಸಿಂಗಾರವಾಯಿತು. ಸಗಣಿ ಸಾರಿಸಿ ರಂಗೋಲಿ ಹಾಕಿದರು. ಗುಂಡಿಯ ನೀರನ್ನು ಮಾತ್ರ ಎತ್ತಿ ಹಾಕಬಾರದೆಂದು ವನಜಾಕ್ಷಿ ಮನೆಮನೆಗೂ ಹೋಗಿ ಹೇಳಿದ್ದಳು. ಮೂರು ದಿನದಿಂದ ಯಾರೂ ಪೂರ್ತಿ ಎತ್ತಿರಲಿಲ್ಲ. ನೋಡಲು ಬರುವವರಿಗೆ ಕಣ್ಣಿಗೆ ಕಾಣಬೇಕಲ್ಲ. ಆ ಮೂರು ದಿನ ವೆಂಕಟಪ್ಪ ಕಾಲಿಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ನೇಯ್ದ. ಕವರಿನೊಳಗೂ ನೀರು ಹೋಯಿತು. “ಒಳ್ಳೇದಕ್ಕೆ ತಾನೇ, ಆಗ್ಲಿ ಬಿಡು” ಎಂದ.

ಹನ್ನೊಂದು ಗಂಟೆಗೆ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ರವಿಕಿರಣ್ ಬೈಕಿನಲ್ಲಿ ಬಂದ. ವಯಸ್ಸಿನ್ನೂ ಮೂವತ್ತಾಗಿರಲಿಲ್ಲ, ಮಾತು ಮೃದು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬಂದ. ಸೌಟಿನಂಥದ್ದನ್ನು ಗುಂಡಿಗೆ ಇಳಿಸಿ ನೀರೆತ್ತಿದಾಗ ಅದರಲ್ಲಿ ಹುಳುಗಳು ಕೊಕ್ಕೆ ಕೊಕ್ಕೆಯಾಗಿ ಕುಣಿಯುತ್ತಿದ್ದವು. “ನೋಡ್ರಿ ಸಾರ್, ನೋಡ್ರಿ!” ಎಂದು ವನಜಾಕ್ಷಿ ಗೆದ್ದವಳಂತೆ ಕೂಗಿದಳು. ಅವನು ಫೋಟೋ ತೆಗೆದ, ಇಪ್ಪತ್ತಮೂರೂ ಮನೆಯಲ್ಲಿ ತೆಗೆದ. ಚರಂಡಿ ನಿಂತ ಜಾಗಕ್ಕೂ ಕರೆದುಕೊಂಡು ಹೋಗಿ ತೋರಿಸಿದರು. ಅಲ್ಲಿ ತಲೆಯಾಡಿಸಿದ, ಫೋಟೋ ತೆಗೆಯಲಿಲ್ಲ. ಅದು ತನ್ನ ಇಲಾಖೆಗೆ ಬರುವುದಿಲ್ಲವೆಂದ.

ಕೊನೆಗೆ ವನಜಾಕ್ಷಿಯ ನಡುಮನೆಗೆ ವಾಪಸು ಬಂದು ಮೊಬೈಲಿನಲ್ಲಿ ಫಾರಂ ತುಂಬತೊಡಗಿದ. ಒಂದು ಕಡೆ ಬೆರಳು ನಿಂತಿತು.

“ಮಗ್ಗ ಚಾಲನೆಯಲ್ಲಿದೆಯಾ ಅಂತ ಕೇಳುತ್ತೆ. ಹೌದು, ಇಲ್ಲ, ಎರಡೇ ಇರೋದು. ಓಡೋದನ್ನ ವಿಡಿಯೋ ಹಾಕಬೇಕು. ಯಜಮಾನರೇ, ಕೂತು ನಾಲ್ಕು ಸಲ ಲಾಳಿ ಓಡಿಸಿಬಿಡಿ, ಅರ್ಧ ನಿಮಿಷ ಸಾಕು.”

ವೆಂಕಟಪ್ಪ ನಕ್ಕ. ಬಂದವರಿಗೆ ನಮ್ಮ ಪದ್ಧತಿ ಗೊತ್ತಿಲ್ಲದಿದ್ದರೆ ಬೈಯಲಾಗುತ್ತದೆಯೇ?

“ಇವತ್ತು ಅಮಾಸೆ ಸಾರ್. ಮುಟ್ಟಂಗಿಲ್ಲ.”

“ಅರ್ಧ ನಿಮಿಷ ಅಷ್ಟೆ.”

“ವದ್ದಯ್ಯಾ, ವದ್ದು!” ಬಾಗಿಲಲ್ಲಿ ನಿಂತ ಬೊಮ್ಮಕ್ಕ ಗಾಬರಿಯಿಂದ ತೆಲುಗಿನಲ್ಲೇ ತಡೆದಳು. “ನಮ್ಮಾವ ಸತ್ ದಿನಾನೂ ಮಗ್ಗ ನಿಂತಿದ್ದಿಲ್ಲ, ಆದ್ರೆ ಅಮಾಸೆ ದಿನ ಓಡಿಲ್ಲ ಸಾಮಿ.”

ರವಿಕಿರಣ್ ವನಜಾಕ್ಷಿಯ ಕಡೆ ನೋಡಿದ. ಓದಿದವಳು, ಇವಳಾದರೂ ಹೇಳಿಯಾಳು ಎಂದುಕೊಂಡಿರಬೇಕು. ಅವಳು ಒಂದು ಮಾತು ಹೇಳಿದ್ದರೆ ವೆಂಕಟಪ್ಪ ಕೂರುತ್ತಿದ್ದನೋ ಏನೋ. ಆದರೆ ಅವಳಿಗೆ ಆಗ ಬಂದದ್ದು ಹೆಮ್ಮೆ. ನಮಗೂ ಒಂದು ಕಟ್ಟಳೆ ಇದೆ, ಸರ್ಕಾರ ಬಂದರೂ ನಾವು ಅದನ್ನು ಮುರಿಯುವುದಿಲ್ಲ ಎಂಬ ಹೆಮ್ಮೆ. “ಅಮಾಸೆ ಅಂತ ಬರ್ಕೊಳ್ರಿ ಸಾರ್” ಎಂದಳು. ಹಾಗೆ ಬರೆದುಕೊಳ್ಳಲು ಮೊಬೈಲಿನಲ್ಲಿ ಜಾಗವಿರಲಿಲ್ಲ. ರವಿಕಿರಣ್ ‘ಇಲ್ಲ’ ಒತ್ತಿದ. ಮನೆಮನೆಯ ಹೋಳಿಗೆ ತಿನ್ನಲಾರದೆ ತಿಂದು, ಕಾಫಿ ಕುಡಿದು ಹೋದ. ಒಳ್ಳೆಯ ಹುಡುಗ ಎಂದು ಓಣಿಯೆಲ್ಲ ಹೊಗಳಿತು.

ಹದಿನೆಂಟು ದಿನಕ್ಕೆ ಪಂಚಾಯಿತಿಯಿಂದ ಕಾಗದ ಬಂತು. ಮನೆಗೊಂದರಂತೆ ಇಪ್ಪತ್ತಮೂರು. ಎಲ್ಲರೂ ಅದನ್ನು ಹಿಡಿದುಕೊಂಡು ವನಜಾಕ್ಷಿಯ ಜಗಲಿಗೇ ಬಂದರು, ಓದುವವಳು ಅವಳಲ್ಲವೇ. ಚರಂಡಿ ಮಂಜೂರಾಗಿದೆ ಎಂದೇ ತಿಳಿದು ಅವಳು ದೊಡ್ಡ ದನಿಯಲ್ಲಿ ಶುರುಮಾಡಿದಳು. ಎರಡನೇ ಸಾಲಿಗೆ ದನಿ ಇಳಿಯಿತು. ‘ಪರಿಶೀಲನೆಯ ವೇಳೆ ಯಾವುದೇ ಮಗ್ಗ ಚಾಲನೆಯಲ್ಲಿ ಕಂಡುಬಂದಿರುವುದಿಲ್ಲ. ನಿರುಪಯುಕ್ತ ಗುಂಡಿಗಳಲ್ಲಿ ಕೊಳಚೆ ನೀರು ನಿಂತು, ಸೊಳ್ಳೆಗಳು ಹೇರಳವಾಗಿ ಉತ್ಪತ್ತಿಯಾಗಿ, ಸಾರ್ವಜನಿಕರ ಆರೋಗ್ಯಕ್ಕೆ ತೀವ್ರ ಧಕ್ಕೆಯುಂಟಾಗಿರುತ್ತದೆ. ಸದರಿ ಗುಂಡಿಗಳನ್ನು ಏಳು ದಿನದೊಳಗೆ ಮುಚ್ಚತಕ್ಕದ್ದು.’ ನಡುವಿನ ಸಾಲು ಅವಳದೇ. ‘ಮಗ್ಗದ’ ಹೋಗಿ ‘ನಿರುಪಯುಕ್ತ’ ಬಂದದ್ದು ಬಿಟ್ಟರೆ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಬೊಮ್ಮಕ್ಕನ ಮಗ ಚಿತ್ತಪ್ಪ, ಎರಡು ಮಗ್ಗದ ಯಜಮಾನ, ಕೇಳಿದ.

“ಚರಂಡಿ ಬಗ್ಗೆ ಏನ್ ಬರದಾರೆ?”

ಅವಳು ಕಾಗದವನ್ನು ತಿರುಗಿಸಿ ನೋಡಿದಳು. ಹಿಂದುಗಡೆ ಖಾಲಿ. “ಏನೂ ಇಲ್ಲ” ಎಂದಳು.

ಮರುದಿನ ಅವಳೂ ವೆಂಕಟಪ್ಪನೂ ಪಂಚಾಯಿತಿಗೆ ಹೋದರು. ಓಬಳೇಶ ಫೈಲು ತೆಗೆದು ತೋರಿಸಿದ. ಅವಳ ಮುದ್ದಾದ ಅಕ್ಷರದ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

“ಗುಂಡಿ ಸೊಳ್ಳೆ ಅಂತ ನೀವೇ ಬರದೀರಲ್ಲಕ್ಕ. ಮಗ್ಗ ನಡೀತಿಲ್ಲ ಅಂತ ಅವರು ಬರದಾರೆ. ಎರಡೂ ಸೇರಿದ್ಮೇಲೆ ಇನ್ನೇನಾಗ್ತೈತೆ?”

“ಅವತ್ತು ಅಮಾಸೆ ಓಬಳೇಶಪ್ಪ! ನಿಂಗೊತ್ತಿಲ್ವಾ? ನಿಮ್ಮವ್ವ ಉಟ್ಟಿರೋ ಸೀರೆ ಯಾವ ಮಗ್ಗದ್ದು? ಬಾ, ಇವತ್ತು ಬಂದು ಕೇಳು, ಓಣಿ ತುಂಬ ಸದ್ದೈತೆ.”

“ನಂಗೊತ್ತಿದ್ರೆ ಏನ್ ಬಂತು? ಮುಂದಿನ ಅಹವಾಲು ಸಭೆ ಎರಡು ತಿಂಗಳಿಗೆ. ಅಲ್ಲಿ ಕೊಡ್ರಿ.”

ಗಡುವು ಇದ್ದದ್ದು ಏಳು ದಿನ. ವನಜಾಕ್ಷಿ ಆ ಕಚೇರಿಯಲ್ಲಿ ಮೊದಲ ಸಲ ಬಾಯಿಗೆ ಬಂದ ಹಾಗೆ ಬೈದಳು, ತೆಲುಗಿನಲ್ಲಿ ಬೈದಳು, ಕನ್ನಡದಲ್ಲಿ ಬೈದಳು. ಬಿಳಿ ಹಾಳೆಯ ಕನ್ನಡ ಒಂದೂ ನೆನಪಿಗೆ ಬರಲಿಲ್ಲ. ಓಬಳೇಶ ತಲೆ ತಗ್ಗಿಸಿ ಕೇಳಿಸಿಕೊಂಡ. ಹೊರಗೆ ಬಂದಾಗ ಚಂದ್ರಣ್ಣ ಬೈಕಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. “ಏನಮ್ಮ, ಚೆನ್ನಾಗಿದ್ದೀರಾ?” ಎಂದು ವಿಚಾರಿಸಿದ.

ಎಂಟನೆಯ ದಿನ ಟ್ರಾಕ್ಟರ್ ಬಂತು, ಮಣ್ಣು ತುಂಬಿಕೊಂಡು. ತಂದವನು ಪಂಚಾಯಿತಿಯ ಕ್ಯಾತಣ್ಣ, ನಲ್ಲಿ ನೀರು ಬಿಡುವವನು, ಓಣಿಗೆಲ್ಲ ಬೇಕಾದವನು. ಇಪ್ಪತ್ತಮೂರು ಮನೆಯಲ್ಲೂ ಲಾಳಿ ಓಡುತ್ತಿತ್ತು. ಕ್ಯಾತಣ್ಣ ಓಣಿಯ ಬಾಯಲ್ಲಿ ಇಳಿದು ಆ ಸದ್ದನ್ನು ಕೇಳುತ್ತ ಸ್ವಲ್ಪ ಹೊತ್ತು ನಿಂತ. ಅಷ್ಟರಲ್ಲಿ ಹೆಂಗಸರು ಟ್ರಾಕ್ಟರಿಗೆ ಅಡ್ಡ ಕೂತಿದ್ದರು. ಗಂಡಸರು ಒಬ್ಬೊಬ್ಬರಾಗಿ ಮಗ್ಗ ಬಿಟ್ಟು ಎದ್ದು ಬಂದರು.

“ನಂಗ್ ಕೇಳ್ತಾ ಐತ್ರಮ್ಮ, ನಾನೇನ್ ಕಿವುಡನಲ್ಲ” ಎಂದ ಕ್ಯಾತಣ್ಣ. ಓಬಳೇಶನಿಗೆ ಫೋನ್ ಮಾಡಿದ, ಬಹಳ ಹೊತ್ತು ಮಾತಾಡಿದ. ಫೋನು ಇಟ್ಟಾಗ ಅವನ ಮುಖದಲ್ಲಿ ಒಂದು ದಾರಿ ಸಿಕ್ಕ ಸಮಾಧಾನವಿತ್ತು.

“ನೋಡ್ರಿ, ಅರ್ಜಿ ಒಂದೇ. ಒಂದ್ ಅರ್ಜಿಗೆ ಒಂದ್ ಫೋಟೋ ಹಾಕಿದ್ರೆ ಸಾಕಂತೆ, ಗುಂಡಿ ಮುಚ್ಚಿದ್ದು. ಅಷ್ಟಾದ್ರೆ ಫೈಲ್ ಮುಗೀತೈತೆ, ಮಿಕ್ಕಿದ್ದನ್ನ ಯಾರೂ ಕೇಳಲ್ಲ. ಒಂದ್ ಮನೇದು ಕೊಡ್ರಿ. ಇಪ್ಪತ್ತೆರಡು ಉಳೀತಾವೆ.”

ಯಾರ ಮನೆಯದು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

“ಅರ್ಜಿ ಯಾರ ಹೆಸ್ರಾಗೈತೋ...” ಎಂದು ಚಿತ್ತಪ್ಪ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ.

“ನಾವೇನ್ ಹೇಳಲ್ಲ ತಲ್ಲೀ” ಎಂದಳು ಬೊಮ್ಮಕ್ಕ, ಬೇರೆಲ್ಲೋ ನೋಡುತ್ತ. “ನೀನೇ ಓದಿರಾಕಿ, ನೀನೇ ನೋಡು.”

ವನಜಾಕ್ಷಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವರಲ್ಲಿ ಯಾರಿಗೆ ತಾನು ಅರ್ಜಿ ಬರೆದುಕೊಟ್ಟಿಲ್ಲ? ಬೊಮ್ಮಕ್ಕನ ಪಿಂಚಣಿ, ಚಿತ್ತಪ್ಪನ ಮನೆ ಪಟ್ಟಾ, ಎಲ್ಲದರಲ್ಲೂ ಅವಳ ಅಕ್ಷರವಿತ್ತು. ಅಮಾವಾಸ್ಯೆ ಎಂದು ಅವಳು ಹೇಳಿದಾಗ ಇದೇ ತಲೆಗಳು ಆಡಿದ್ದವು. ಈಗ ಒಂದು ತಲೆಯೂ ಮೇಲೆದ್ದಿರಲಿಲ್ಲ. ಅವಳಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು. ಅವರ ಮೇಲೆ ಎಷ್ಟೋ, ತನ್ನ ಮೇಲೂ ಅಷ್ಟೇ.

ವೆಂಕಟಪ್ಪ ಮಾತ್ರ ಹೊರಗೆ ಬಂದಿರಲಿಲ್ಲ. ಎಲ್ಲವೂ ಕೇಳಿಸಿತ್ತು. ಒಳಗಿನಿಂದಲೇ ಕೂಗಿದ.

“ಕ್ಯಾತಣ್ಣ, ಎರಡ್ ಮೊಳ ಉಳದೈತೆ. ಸೀರೆ ಮುಗಿಸ್ಕಂಡ್ ಎದ್ದೇಳ್ತೀನಿ. ಕೂತ್ಕ.”

ಕ್ಯಾತಣ್ಣ ಟ್ರಾಕ್ಟರ್ ಪಂಕ್ಚರ್ ಆಗಿದೆಯೆಂದು ಕಚೇರಿಗೆ ಫೋನಿನಲ್ಲಿ ಸುಳ್ಳು ಹೇಳಿ ಜಗಲಿಯಲ್ಲಿ ಕೂತ. ಎರಡು ಮೊಳವೆಂದರೆ ಮಾರನೆಯ ದಿನ ಮಧ್ಯಾಹ್ನದವರೆಗೂ ಆಯಿತು. ಅವನು ಮಣ್ಣಿನ ಟ್ರಾಕ್ಟರನ್ನು ಅಲ್ಲೇ ಬಿಟ್ಟು ಹೋಗಿ ಮತ್ತೆ ಬಂದ. ವೆಂಕಟಪ್ಪ ಸೀರೆ ಕತ್ತರಿಸಿ, ಮಡಿಸಿ, ಹೆಂಡತಿಯ ಕೈಗೆ ಕೊಟ್ಟ. ಮಗ್ಗವನ್ನು ಬಿಚ್ಚಲು ಚಿತ್ತಪ್ಪನೇ ಬಂದು ಕೈಜೋಡಿಸಿದ. ಆಮೇಲೆ ಮಣ್ಣು ಬಿತ್ತು, ಮೂವತ್ತೊಂಬತ್ತು ಬುಟ್ಟಿ. ಫೋಟೋದಲ್ಲಿ ಅರ್ಜಿದಾರರು ಇರಬೇಕಂತೆ ಎಂದು ಕ್ಯಾತಣ್ಣ ಅಳುಕುತ್ತ ಹೇಳಿದ. ವನಜಾಕ್ಷಿ ಹಸಿಮಣ್ಣಿನ ಪಕ್ಕದಲ್ಲಿ ಹೋಗಿ ನಿಂತಳು.

ಮೊದಲ ನಾಲ್ಕು ಅರ್ಜಿಯಲ್ಲಿ ಕೇಳಿಕೊಂಡದ್ದರಲ್ಲಿ ಒಂದು ನಡೆಯಿತು, ವೆಂಕಟಪ್ಪನ ಕಾಲು ಒಣಗಿತು. ಡಾಕ್ಟರು ನೋಡಿ ಬೆನ್ನು ತಟ್ಟಿದರು. ಒಣಗಿದ ಕಾಲು ಇಟ್ಟುಕೊಂಡು ಅವನು ಚಿತ್ತಪ್ಪನ ಮನೆಯಲ್ಲಿ ರಾಟೆ ಮುಂದೆ ಕೂತು ಕಂಡಿಕೆ ಸುತ್ತುತ್ತಾನೆ. ಲಾಳಿಯೊಳಗೆ ಇಡುವ ಆ ನೂಲಿನ ಸುರುಳಿಗಳನ್ನು ಸುತ್ತುವುದು ಓಣಿಯಲ್ಲಿ ಮುದುಕಿಯರ ಕೆಲಸ. ಮನೆಗೆ ಬಂದು ಅದರ ಬಗ್ಗೆ ಏನೂ ಹೇಳುವುದಿಲ್ಲ. ಕಾಲಿನ ಹರಡಿದ ಬೆರಳುಗಳನ್ನು ಒಮ್ಮೊಮ್ಮೆ ಮುಚ್ಚಿದ ನೆಲದ ಮೇಲೆ ಒತ್ತಿ ನೋಡುತ್ತಾನೆ, ಅದನ್ನು ನೋಡಲಾರದೆ ಅವಳು ಹಿತ್ತಲಿಗೆ ಹೋಗುತ್ತಾಳೆ.

ನೀರಿಗೆ ಮಾತ್ರ ಫೈಲು ಮುಗಿದದ್ದು ತಿಳಿಯಲಿಲ್ಲ. ಇಷ್ಟು ದಿನ ಕೊನೆಯ ಮನೆಯ ಗುಂಡಿಗೆ ಇಳಿಯುತ್ತಿದ್ದ ಕೊಳಚೆ, ಅದು ಮುಚ್ಚಿದ ಮೇಲೆ ಹಿಂದಕ್ಕೆ ತಿರುಗಿತು. ತಿಂಗಳೊಪ್ಪತ್ತಿನಲ್ಲಿ ಚಿತ್ತಪ್ಪನ ಎರಡೂ ಗುಂಡಿಯಲ್ಲಿ ನೀರು ಮೊಣಕಾಲಿಗೆ ಬಂತು. ಅವನ ಬೆರಳ ಸಂದಿಯೂ ಬೆಳ್ಳಗಾಯಿತು.

ಒಂದು ಬೆಳಿಗ್ಗೆ ಐದಾರು ಜನ ವನಜಾಕ್ಷಿಯ ಜಗಲಿಗೆ ಬಂದರು. ಚಿತ್ತಪ್ಪ ಬಿಳಿ ಹಾಳೆ ತಂದಿದ್ದ, ಪೆನ್ನನ್ನೂ ತಂದಿದ್ದ. ಚಳ್ಳಕೆರೆಯಲ್ಲಿ ಮತ್ತೆ ಸಭೆಯಿದೆ, ಒಂದು ಅರ್ಜಿ ಬರೆದುಕೊಡಬೇಕು ಎಂದರು. ಈ ಸಲ ಸೊಳ್ಳೆ ಬೇಡ, ಬರೀ ಚರಂಡಿ ಎಂದರು. ಬೈದು ಅಟ್ಟಬೇಕೆಂದುಕೊಂಡವಳು, ಚಿತ್ತಪ್ಪನ ಕಾಲು ಕಂಡು ಹಾಳೆ ತೆಗೆದುಕೊಂಡಳು. ಮೇಲೆ ಎಡಗಡೆ ‘ಇಂದ’ ಎಂದು ಬರೆದು ಪೆನ್ನು ಎತ್ತಿ ಹಿಡಿದಳು.

“ಯಾರ ಹೆಸ್ರು ಬರೀಲಿ?”

ಚಿತ್ತಪ್ಪ ಕಂಬದ ಕಡೆ ನೋಡಿದ. ಇನ್ನೊಬ್ಬ ಮೂಗು ಉಜ್ಜಿಕೊಂಡ. ಹಿಂದೆ ನಿಂತಿದ್ದವನೊಬ್ಬ ಮಗ್ಗದಲ್ಲಿ ಎಳೆ ಕಡಿದಿದೆಯೆಂದು ಹೇಳಿ ಹೊರಟೇ ಹೋದ. ಅವಳು ಮತ್ತೊಮ್ಮೆ ಕೇಳಿದಳು. ಆಗ ಬೊಮ್ಮಕ್ಕ ಹತ್ತಿರ ಬಂದು, ಪಕ್ಕದಲ್ಲಿ ಕೂತು, ಮಗಳಿಗೆ ಹೇಳುವ ಅಕ್ಕರೆಯಲ್ಲಿ ಅವಳ ತೊಡೆಯ ಮೇಲೆ ಕೈಯಿಟ್ಟಳು.

“ನಿನ್ ಹೆಸ್ರೇ ಹಾಕ್ಕಳಮ್ಮ” ಎಂದಳು. “ನಿಂದಾದ್ರೆ ಇನ್ನ ಹೋಗಾಕೆ ಏನೈತೆ?”